ನಡುವಿಗೆ ಬಾಲ್ ಕೊಡ್ರಿ

(ಧಾರವಾಡದಲ್ಲಿ ನಡೆದ ದೈಹಿಕ ಶಿಕ್ಷಕರ ತರಬೇತಿ ಶಿಬಿರದಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಹಿಂದ ಕುಂತವರಿಗೆ ಕೇಳಸ್ತದಲ್ರೀ? ಮೈಕ್ ಕೈ ಕೊಟ್ಟರೂ ಚಿಂತಿಲ್ಲ, ಮೈದಾನದಾಗ ಕೂಗಿ ಕೂಗಿ ಗಂಟಲು ಪಳಗೇದ.

ಶಿಬಿರದ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಜೋನ್ ಡಿಫೆನ್ಸ್: ತತ್ತ್ವ ಮತ್ತು ಪ್ರಯೋಗ’ ಎಂದು ಹಾಕಿದ್ದಾರೆ. ಬಾಸ್ಕೆಟ್‌ಬಾಲಿನಲ್ಲಿ ಒಬ್ಬೊಬ್ಬ ಎದುರಾಳಿಯ ಬೆನ್ನು ಹತ್ತದೆ, ಐವರೂ ತಮ್ಮ ತಮ್ಮ ಜಾಗ ಕಾಯುವ ಆಟ ಅದು. ತತ್ತ್ವ ಹೇಳಲು ಹೊರಟರೆ ನೀವು ನಿದ್ದೆ ಹೋಗುತ್ತೀರಿ, ಅದೂ ರೊಟ್ಟಿ ಊಟ ಆದ ಮೇಲೆ. ಸೀದಾ ವಿಷಯಕ್ಕೆ ಬರುತ್ತೇನೆ. ತಾಲ್ಲೂಕು ಮಟ್ಟದ ಪಂದ್ಯಗಳು ತಲೆಯ ಮೇಲೆ ಬಂದು ಕೂತಿವೆ. ಹುಬ್ಬಳ್ಳಿ ಇರಲಿ, ಗದಗ ಇರಲಿ, ಹಾವೇರಿ ಇರಲಿ, 14 ವರ್ಷದೊಳಗಿನವರ ಆಟ ಹೇಗಿರುತ್ತದೆ ಎಂದು ನಿಮಗೆ ನಾನೇನೂ ಹೇಳಬೇಕಾಗಿಲ್ಲ. ಒಂದು ತಂಡದ ಐದು ಮಕ್ಕಳು ರಿಂಗಿನ ಸುತ್ತ ಕೈ ಎತ್ತಿ ನಿಂತಿರುತ್ತಾರೆ. ಇನ್ನೊಂದು ತಂಡದ ಐದು ಮಕ್ಕಳು ಹೊರಗೆ ಅರ್ಧಚಂದ್ರಾಕಾರವಾಗಿ ನಿಂತು ಬಾಲನ್ನು ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ಸಾಗಿಸುತ್ತಿರುತ್ತಾರೆ. ಯಾರೂ ಒಳಗೆ ಕಾಲಿಡುವುದಿಲ್ಲ. ಶಾಟ್ ಹೊಡೆಯಲು ಇರುವ 24 ಸೆಕೆಂಡ್ ಮುಗೀತು ಎಂದು ಟೇಬಲ್ ಹತ್ತಿರ ಕೂತವರು ಕೂಗುವ ಹೊತ್ತಿಗೆ (ನಮ್ಮ ಕಡೆ ಶಾಟ್ ಕ್ಲಾಕ್ ಎಲ್ಲಿಂದ ಬರಬೇಕು, ಅವರ ಬಾಯೇ ಕ್ಲಾಕ್) ಒಬ್ಬ ಹುಡುಗ ಎರಡೂ ಕೈಯಿಂದ ಸೊಂಟದ ಮಟ್ಟದಿಂದ ಒಗೆದುಬಿಡುತ್ತಾನೆ. ಬಾಲ್ ಬೋರ್ಡಿಗೂ ತಾಗುವುದಿಲ್ಲ.

ಪಂದ್ಯ ಮುಗಿದ ಮೇಲೆ ಸೋತ ಶಾಲೆಯ ಸರ್ ಹೇಳುವ ಮಾತೂ ನಿಮಗೆ ಗೊತ್ತು. “ನಮ್ಮ ಹುಡುಗರಿಗೆ ಶೂಟಿಂಗ್ ಇಲ್ರೀ. ಒಬ್ಬ ಶೂಟರ್ ಇದ್ದಿದ್ರ ಅವರ ಜೋನ್ ಒಡದು ಹಾಕ್ತಿದ್ವಿ.”

ಈ ಮಾತು ತಪ್ಪು. ಇದನ್ನು ಹೇಳಲಿಕ್ಕೇ ಇವತ್ತು ಇಲ್ಲಿ ನಿಂತಿದ್ದೇನೆ. ಮಕ್ಕಳ ಆಟದಲ್ಲಿ ಜೋನ್ ಒಡೆಯುವವನು ಮೂರು ಪಾಯಿಂಟ್ ಗೆರೆಯ ಹೊರಗಿನ ಶೂಟರ್ ಅಲ್ಲ. ರಿಂಗಿನ ಎದುರಿನ ಫ್ರೀ ಥ್ರೋ ಗೆರೆಯ ಹತ್ತಿರ, ಅಂದರೆ ಹೈ ಪೋಸ್ಟಿನಲ್ಲಿ, ನಿಂತ ಮಗು. ನಡುವಿಗೆ ಬಾಲ್ ಕೊಡ್ರಿ. ಇಷ್ಟೇ ನನ್ನ ಉಪನ್ಯಾಸ. ಆದರೆ ಆಯೋಜಕರು ಒಂದು ತಾಸು ಕೊಟ್ಟಿದ್ದಾರೆ, ತುಂಬಿಸಬೇಕಲ್ಲ.

ದೊಡ್ಡವರಿಂದಲೇ ಶುರು ಮಾಡೋಣ. 2004ರ ಅಥೆನ್ಸ್ ಒಲಿಂಪಿಕ್ಸ್. ಅಮೆರಿಕದ ತಂಡದಲ್ಲಿ ಟಿಮ್ ಡಂಕನ್, ಅಲನ್ ಐವರ್ಸನ್, ಆಗಿನ್ನೂ ಹುಡುಗನಾಗಿದ್ದ ಲೆಬ್ರಾನ್ ಜೇಮ್ಸ್. ಎದುರಿಗೆ ಪೋರ್ಟೊ ರಿಕೊ ಎಂಬ ಪುಟ್ಟ ದ್ವೀಪ. ಅವರು ಜೋನ್ ಹಾಕಿ ಕೂತರು. ಅಮೆರಿಕದವರು ಹೊರಗಿನಿಂದ 24 ಸಲ ಮೂರು ಪಾಯಿಂಟಿಗೆ ಹೊಡೆದರು, ಬಿದ್ದದ್ದು 3. ಪಂದ್ಯ 92–73ರಲ್ಲಿ ಹೋಯಿತು. ಜಗತ್ತಿನ ಅತಿ ದುಬಾರಿ ಕೈಗಳೇ ಹೊರಗಿನಿಂದ ಹೊಡೆದು ಜೋನ್ ಒಡೆಯಲು ಆಗಲಿಲ್ಲ ಅಂದಮೇಲೆ, ನಮ್ಮ ಎಂಟನೆಯ ಇಯತ್ತೆಯ ಹುಡುಗ ಒಡೆಯಬೇಕು ಅನ್ನುವುದು ಯಾವ ನ್ಯಾಯ?

ಇನ್ನು ಈ ಜೋನ್ ಎಲ್ಲಿಂದ ಬಂತು ಅನ್ನುವ ಕಥೆ. ನನ್ನ ಹಳೆಯ ಶಿಬಿರಾರ್ಥಿಗಳು ಈಗಲೇ ನಗುತ್ತಿದ್ದಾರೆ, ಸರ್ ಮತ್ತೆ ಮಳೆ ಕಥೆ ತೆಗೆದರು ಅಂತ. ತೆಗೆಯುತ್ತೇನೆ, ಬಿಡುವುದಿಲ್ಲ. ನೇಸ್ಮಿತ್ ಮಾಸ್ತರರು 1891ರಲ್ಲಿ ಈ ಆಟ ಕಟ್ಟಿದ ಮೇಲೆ ಬಹಳ ವರ್ಷ ಎಲ್ಲರೂ ಒಬ್ಬರಿಗೊಬ್ಬರು ಹಿಡಿದುಕೊಂಡೇ ಆಡುತ್ತಿದ್ದರು. 1914ರಲ್ಲಿ ಅಮೆರಿಕದ ವೆಸ್ಟ್ ವರ್ಜೀನಿಯಾದ ಬ್ರಿಸ್ಟಲ್ ಎಂಬ ಸಣ್ಣ ಊರಿನ ಹೈಸ್ಕೂಲಿನಲ್ಲಿ ಕ್ಯಾಮ್ ಹೆಂಡರ್ಸನ್ ಎಂಬ ಕೋಚ್ ಇದ್ದರು. ಅವತ್ತಿನ ಪಂದ್ಯದ ಹೊತ್ತಿಗೆ ಜಿಮ್ಮಿನ ಮಾಳಿಗೆ ಸೋರುತ್ತಿತ್ತಂತೆ. ಕೆಳಗೆ ಹೊಸ ಪೈನ್ ಹಲಗೆ. ಎದುರಾಳಿಯ ಬೆನ್ನು ಹತ್ತಿ ಓಡಿದ ಹುಡುಗರು ಒಬ್ಬೊಬ್ಬರಾಗಿ ಜಾರಿ ಬೀಳತೊಡಗಿದರು. ಹೆಂಡರ್ಸನ್ ಅವರಿಗೆ ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುವುದಾದರೆ, “ಓಡಬ್ಯಾಡ್ರೋ, ನಿಮ್ಮ ನಿಮ್ಮ ಜಾಗಾದಾಗ ನಿಲ್ರಿ, ಬಂದವನ್ನ ಹಿಡೀರಿ.” ಎದುರಿಗೆ ಇಬ್ಬರು, ಹಿಂದೆ ಮೂವರು. 2–3 ಜೋನ್ ಹುಟ್ಟಿದ್ದು ಅವತ್ತು ಅನ್ನುತ್ತಾರೆ. ಮುಂದೆ ಈ ಹೆಂಡರ್ಸನ್ ಮಾರ್ಷಲ್ ವಿಶ್ವವಿದ್ಯಾಲಯಕ್ಕೆ ಕೋಚ್ ಆದರು, ಅಲ್ಲಿಯ ಕ್ರೀಡಾಂಗಣಕ್ಕೆ ಇವತ್ತಿಗೂ ಅವರದೇ ಹೆಸರು.

ನನಗೆ ಈ ಕಥೆ ಯಾಕೆ ಇಷ್ಟ ಅಂದರೆ, ಹೆಂಡರ್ಸನ್ ಧಾರವಾಡಕ್ಕೆ ಬಂದಿದ್ದರೆ ಜೋನ್ ಇನ್ನೂ ಹತ್ತು ವರ್ಷ ಮೊದಲೇ ಹುಟ್ಟುತ್ತಿತ್ತು. ಅವರಿಗೆ ಮಾಳಿಗೆಯಾದರೂ ಇತ್ತು! ನಮ್ಮದು ಬಯಲು, ಸಿಮೆಂಟ್ ಕೋರ್ಟ್, ಜೂನ್ ಬಂತೆಂದರೆ ಪಾಚಿ. ಪಂದ್ಯಗಳು ಇರುವುದೂ ಅದೇ ಜಿಟಿಜಿಟಿ ಮಳೆಯ ತಿಂಗಳಲ್ಲಿ. ಬೆಳಿಗ್ಗೆ ಎಂಟಕ್ಕೆ ನಾಲ್ಕು ಹುಡುಗರು ಗೋಣಿಚೀಲ ಹಿಡಿದು ಕೋರ್ಟ್ ಒರೆಸುತ್ತಿರುತ್ತಾರೆ, ಒರೆಸಿ ಮುಗಿಸುವಷ್ಟರಲ್ಲಿ ಮತ್ತೊಂದು ಸೆಳಕು. ನನಗೆ ಗೊತ್ತಿರುವ ಒಂದು ಕೋರ್ಟಿನಲ್ಲಿ ನೀರು ನಿಲ್ಲುವುದು ಸರಿಯಾಗಿ ಫ್ರೀ ಥ್ರೋ ಗೆರೆಯ ಮೇಲೆ. ಅಲ್ಲಿ ಕಲಿತ ಮಕ್ಕಳು ಒಣ ಕೋರ್ಟಿಗೆ ಬಂದರೂ ಆ ಜಾಗ ಸುತ್ತಿಹೋಗುತ್ತಾರೆ. ನಗಬೇಡಿ, ನಿಜ. ನಾನು ನಡುವಿಗೆ ಬಾಲ್ ಕೊಡ್ರಿ ಅಂತ ಗಂಟಲು ಹರಿದುಕೊಂಡರೆ ಅವರ ತಲೆಯಲ್ಲಿ ನಡು ಅಂದರೆ ಹೊಂಡ!

ಇರಲಿ. ಜೋನ್ ಹೇಗೆ ಕೆಲಸ ಮಾಡುತ್ತದೆ ಎಂದು ಮಕ್ಕಳಿಗೆ ಹೇಳುವಾಗ ಬೋರ್ಡಿನ ಮೇಲೆ ಬಾಣ ಬರೆಯಬೇಡಿ. ನಮ್ಮ ಮಕ್ಕಳಿಗೆ ಕಬಡ್ಡಿ ಗೊತ್ತು, ಅದರಿಂದ ಶುರು ಮಾಡಿ. ರೈಡರ್ ಎಡ ಕಾರ್ನರಿನ ಕಡೆ ಕಾಲು ಚಾಚಿದರೆ ಇಡೀ ಸರಪಳಿ ಆ ಕಡೆ ವಾಲುತ್ತದೆ, ಬಲಗಡೆ ತೆರವಾಗುತ್ತದೆ. ಜೋನೂ ಹಾಗೇ. ಐವರೂ ನೋಡುವುದು ಬಾಲನ್ನು. ಬಾಲ್ ಸರಿದರೆ ಎಲ್ಲರೂ ಸರಿಯುತ್ತಾರೆ. ಅಂದರೆ ಮೂರು ಸಂಗತಿ ತಾನಾಗಿ ಹೊರಬೀಳುತ್ತವೆ. ಬೆನ್ನ ಹಿಂದೆ ಓಡುವವನು ಅವರಿಗೆ ಕಾಣುವುದಿಲ್ಲ. ಇಬ್ಬರ ನಡುವಿನ ಸಂದಿಯಲ್ಲಿ ನಿಂತವನು ಯಾರ ಪಾಲಿನವನು ಎಂದು ಅವರಿಗೇ ಗೊತ್ತಿರುವುದಿಲ್ಲ. ಬಾಲನ್ನು ಕೊಟ್ಟಂತೆ ಮಾಡಿ ಕೊಡದಿದ್ದರೂ ಅವರು ಸರಿದುಬಿಡುತ್ತಾರೆ. ನಮ್ಮ ಮಕ್ಕಳು ಡ್ರಿಬಲ್ ಫೇಕ್ ಕಲಿಯುತ್ತಾರೆ, ಶಾಟ್ ಫೇಕ್ ಕಲಿಯುತ್ತಾರೆ, ಪಾಸ್ ಫೇಕ್ ಮಾತ್ರ ಯಾರೂ ಕಲಿಸುವುದಿಲ್ಲ. ಜೋನಿನ ಎದುರು ಅದಕ್ಕಿಂತ ಅಗ್ಗದ ಅಸ್ತ್ರ ಇಲ್ಲ.

ಈಗ ಅಳತೆ ನೋಡಿ. ಕೋರ್ಟ್ 28 ಮೀಟರ್ ಉದ್ದ, 15 ಮೀಟರ್ ಅಗಲ. ಅರ್ಧ ಕೋರ್ಟ್ 210 ಚದರ ಮೀಟರ್. ರಿಂಗಿನ ಮುಂದಿನ ಆಯತ, ಅದೇ ಪೇಂಟ್, 5.8ಕ್ಕೆ 4.9, ಅಂದರೆ 28 ಚದರ ಮೀಟರ್ ಚಿಲ್ಲರೆ. ಐದು ಮಕ್ಕಳು ಆ 28ರಲ್ಲಿ ತುಂಬಿಕೊಂಡು ಉಳಿದದ್ದನ್ನೆಲ್ಲ ನಿಮಗೆ ಬಿಟ್ಟುಕೊಡುತ್ತಾರೆ. ಯಾಕೆ ಧೈರ್ಯ? ರಿಂಗ್ ದೊಡ್ಡವರದೇ, 3.05 ಮೀಟರ್ ಎತ್ತರ. ಮೂರು ಪಾಯಿಂಟ್ ಗೆರೆ ದೊಡ್ಡವರದೇ, 6.75 ಮೀಟರ್. ತೋಳು ಮಾತ್ರ ಹನ್ನೆರಡು ವರ್ಷದ್ದು. ಒಂದು ವಿಂಗಿನಿಂದ (ಕೋರ್ಟಿನ ಪಕ್ಕದ ಜಾಗ) ಇನ್ನೊಂದು ವಿಂಗಿಗೆ, ನಡುವಿನವರ ತಲೆ ಮೇಲಿಂದ ಸ್ಕಿಪ್ ಪಾಸ್ ಅಂದರೆ ಒಂಬತ್ತು-ಹತ್ತು ಮೀಟರ್. ನಮ್ಮ ಮಗು ಅದನ್ನು ಕಮಾನಿನ ಹಾಗೆ ಎತ್ತಿ ಒಗೆಯುತ್ತದೆ, ಬಾಲ್ ಇಳಿಯುವಷ್ಟರಲ್ಲಿ ಜೋನ್ ಆ ಕಡೆ ಹೋಗಿ ನಿಂತು ಕಾಯುತ್ತಿರುತ್ತದೆ. ಆದರೆ ವಿಂಗಿನಿಂದ ಹೈ ಪೋಸ್ಟಿಗೆ? ಐದೇ ಮೀಟರ್. ಎದೆಯ ಮಟ್ಟದ ಪಾಸ್, ಇಲ್ಲವೇ ನೆಲಕ್ಕೆ ಒಂದು ಬೌನ್ಸ್. ಅಲ್ಲಿಂದ ರಿಂಗಿಗೆ ನಾಲ್ಕು ಮೀಟರ್ ಚಿಲ್ಲರೆ. ಹನ್ನೆರಡರ ತೋಳಿಗೆ ಎಟುಕುವ ಲೆಕ್ಕ ಇದು. ಅದಕ್ಕೇ ಹೇಳೋದು, ನಡುವಿಗೆ ಬಾಲ್ ಕೊಡ್ರಿ.

ಕೊಟ್ಟ ಮೇಲೆ ಏನು? ಇಲ್ಲಿ ಒಂದು ಪಂದ್ಯದ ಮಾತು ಹೇಳಬೇಕು. ಗದಗ ಕಡೆಯ ಒಂದು ಹಳ್ಳಿ ಶಾಲೆಯ ಹೆಣ್ಣುಮಕ್ಕಳ ತಂಡ. ಎದುರಿನವರು ಗಟ್ಟಿ 2–3. ಈ ತಂಡದ ಟೀಚರ್ ನಡುವೆ ನಿಲ್ಲಿಸಿದ್ದು ಎಲ್ಲರಿಗಿಂತ ಗಿಡ್ಡ ಹುಡುಗಿಯನ್ನು. ಎತ್ತರದವಳು ಬೇಸ್‌ಲೈನಿನಲ್ಲಿ, ಬೋರ್ಡಿನ ಹಿಂದಿನ ಮರೆಯಲ್ಲಿ. ನನಗೆ ಮೊದಲು ತಿಳಿಯಲಿಲ್ಲ, ನೋಡುತ್ತ ನೋಡುತ್ತ ತಿಳಿಯಿತು: ನಡುವೆ ಬೇಕಾದದ್ದು ಎತ್ತರ ಅಲ್ಲ, ಕಣ್ಣು. ಆದರೆ ಮೊದಲಾರ್ಧದಲ್ಲಿ ಆ ಹುಡುಗಿ ಬಾಲ್ ಹಿಡಿಯುವುದು ರಿಂಗಿಗೆ ಬೆನ್ನು ಮಾಡಿ. ಹಿಡಿದ ಕೂಡಲೇ ಬಂದ ಕಡೆಗೇ ವಾಪಸ್. ಬಾಲ್ ಬಂತು, ಹೋಯಿತು. ಬಂತು, ಹೋಯಿತು.

ಹಾಫ್ ಟೈಮಿನಲ್ಲಿ ಟೀಚರ್ ಭಾಷಣ ಮಾಡಲಿಲ್ಲ. ಒಂದು ಇಟ್ಟಂಗಿ ಚೂರು ಹೆಕ್ಕಿಕೊಂಡು, ಹುಡುಗಿಯನ್ನು ಕರೆದುಕೊಂಡು ಮುಂದಿನ ಅರ್ಧದಲ್ಲಿ ತಾವು ಹೊಡೆಯಬೇಕಾದ ರಿಂಗಿನ ಕಡೆ ನಡೆದರು. ಫ್ರೀ ಥ್ರೋ ಗೆರೆಯಿಂದ ಒಂದು ಹೆಜ್ಜೆ ಹೊರಗೆ ಎರಡು ಪಾದ ಬರೆದರು, ಬೆರಳು ರಿಂಗಿನ ಕಡೆ. “ಬಾಲ್ ಕೈಗೆ ಬಂದ ಕೂಡ್ಲೆ ನಿನ್ನ ಕಾಲು ಇದರ ಮ್ಯಾಲೆ ಬರಬೇಕವಾ. ಮಾರಿ ರಿಂಗಿನ ಕಡೆ. ಅವರ ಹಿಂದಿನ ಸಾಲಿನ ನಡುವಿನ ಹುಡುಗಿ ನಿನ್ನ ಮ್ಯಾಲೆ ಬಂದ್ಲಂದ್ರ ಅಕಿ ಹಿಂದ ಕೊಡು. ಬರಲಿಲ್ಲಂದ್ರ ಹೊಡಿ.” ಅಷ್ಟೇ ಮಾತು. ರೆಫ್ರಿ ಬಂದು ಗೊಣಗುತ್ತ ಬೂಟಿನಿಂದ ಆ ಪಾದ ಅಳಿಸಿದರು. ಅಳಿಸಿದರೇನು, ಅದು ಕೂರಬೇಕಾದಲ್ಲಿ ಕೂತಿತ್ತು.

ಎರಡನೆಯ ಅರ್ಧದ ಮೂರನೆಯದೋ ನಾಲ್ಕನೆಯದೋ ಬಾಲ್. ಹುಡುಗಿ ಹಿಡಿದಳು, ಎಡಗಾಲ ಮೇಲೆ ತಿರುಗಿದಳು. ಹಿಂದಿನ ಮೂವರಲ್ಲಿ ನಡುವಿನವಳು ಗಾಬರಿಯಾಗಿ ಮುಂದೆ ಬಂದಳು. ಅವಳ ಬೆನ್ನ ಹಿಂದೆ ಬೇಸ್‌ಲೈನಿನಿಂದ ಎತ್ತರದವಳು ಸರಕ್ಕನೆ ಒಳಗೆ ಬಂದಳು. ನೆಲಕ್ಕೊಂದು ಬೌನ್ಸ್ ಪಾಸ್, ಲೇ-ಅಪ್. ಮುಂದಿನ ಸಲ ನಡುವಿನವಳು ಬರಲಿಲ್ಲ. ಗಿಡ್ಡಿ ತಾನೇ ಹೊಡೆದಳು. ಅದರ ಮುಂದಿನ ಸಲ ಅಕ್ಕಪಕ್ಕದ ಇಬ್ಬರೂ ಒಳಗೆ ಕುಗ್ಗಿದರು, ಕಾರ್ನರ್ ಖಾಲಿ, ಬಾಲ್ ಅಲ್ಲಿಗೆ. ಅಷ್ಟು ಹೊತ್ತಿಗೆ ಎದುರಿನ ಸರ್ ಟೈಮ್ ಔಟ್ ಕೇಳಿಯಾಗಿತ್ತು. ಗೆದ್ದರೇನ್ರೀ ಅಂತ ಕೇಳುತ್ತೀರಿ. ಇಲ್ಲ, ಎರಡು ಪಾಯಿಂಟಿನಿಂದ ಸೋತರು. ಫ್ರೀ ಥ್ರೋ ಬೀಳಲಿಲ್ಲ. ಅದು ಬೇರೆ ಉಪನ್ಯಾಸ.

ಆ ಟೀಚರ್ ಗೆರೆಯಿಂದ ಒಂದು ಹೆಜ್ಜೆ ಹೊರಗೆ ಬರೆದದ್ದು ಯಾಕೆ, ಯಾರಾದರೂ ಗಮನಿಸಿದಿರಾ? ಫ್ರೀ ಥ್ರೋ ಗೆರೆ ಪೇಂಟಿನ ಭಾಗ. ಅದರ ಮೇಲೆ ಕಾಲಿಟ್ಟರೂ ಮೂರು ಸೆಕೆಂಡಿನ ಲೆಕ್ಕ ಶುರು, ದಾಳಿ ಮಾಡುವವರು ಅದಕ್ಕಿಂತ ಹೆಚ್ಚು ಹೊತ್ತು ಅಲ್ಲಿ ನಿಲ್ಲುವಂತಿಲ್ಲ. ಹೊರಗೆ ನಿಲ್ಲಬೇಕು, ಬಾಲ್ ಬರುವಾಗ ಒಳಗೆ ಬರಬೇಕು.

ಮೂರು ಸೆಕೆಂಡ್ ಅಂದಕೂಡಲೇ ನೆನಪಾಯಿತು. ನಮ್ಮ ಎಲ್ಲ ಪಂದ್ಯಗಳಲ್ಲೂ ಒಬ್ಬ ಸರ್ ಇರುತ್ತಾರೆ, ಇವತ್ತು ಸಭೆಯಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ. ಎದುರಿನ ಉದ್ದನೆಯ ಹುಡುಗ ಡಿಫೆನ್ಸಿನಲ್ಲಿ ರಿಂಗಿನ ಕೆಳಗೆ ನಿಂತರೆ “ರೆಫ್ರೀ, ಮೂರು ಸೆಕೆಂಡ್! ಐದು ಸೆಕೆಂಡ್! ಅಂವ ಅಲ್ಲೇ ಮನೀ ಕಟ್ಯಾನ!” ಎಂದು ಕೂಗುತ್ತಾರೆ. ಸರ್, ನೀವು ಮೊಬೈಲಿನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡಿದ್ದೀರಿ. ಅಲ್ಲಿ 1947ರಿಂದ ಜೋನಿಗೇ ನಿಷೇಧ ಇತ್ತು. 2001ರಲ್ಲಿ ಬಿಟ್ಟರು, ಬಿಡುವಾಗ ಡಿಫೆನ್ಸಿನವರಿಗೂ ಮೂರು ಸೆಕೆಂಡ್ ಹಾಕಿದರು. ನಾವು ಆಡುವುದು ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ ನಿಯಮ. ಇಲ್ಲಿ ಮೂರು ಸೆಕೆಂಡ್ ದಾಳಿ ಮಾಡುವವರಿಗೆ ಮಾತ್ರ. ಡಿಫೆನ್ಸಿನ ಹುಡುಗ ಅಲ್ಲೇ ಮನೆ ಕಟ್ಟಬಹುದು, ಗೃಹಪ್ರವೇಶವನ್ನೂ ಮಾಡಬಹುದು. ರೆಫ್ರಿಗೆ ಬೈಯುವ ಬದಲು ಅವನನ್ನು ಮನೆಯಿಂದ ಹೊರಗೆ ಎಳೆಯಬೇಕು. ಹೇಗೆ ಎಳೆಯುವುದು? ನಡುವಿಗೆ ಬಾಲ್ ಕೊಟ್ಟು. ಮತ್ತೆ ಅದೇ ಅಂತೀರಿ. ಅದೇ.

ಇನ್ನೊಂದು ಮಾತು, ಇದು ನಿಮ್ಮಲ್ಲಿ ಕೆಲವರಿಗೆ ಹಿಡಿಸುವುದಿಲ್ಲ. ಹನ್ನೆರಡರ ಒಳಗಿನ ಮಕ್ಕಳಿಂದ ಪಂದ್ಯದಲ್ಲಿ ಜೋನ್ ಆಡಿಸಬೇಡಿ. ಎನ್‌ಬಿಎ ಮತ್ತು ಅಮೆರಿಕದ ಬಾಸ್ಕೆಟ್‌ಬಾಲ್ ಸಂಸ್ಥೆ ಸೇರಿ ಮಾಡಿದ ಮಕ್ಕಳ ಮಾರ್ಗಸೂಚಿಯಲ್ಲೂ 11ರ ವರೆಗಿನವರಿಗೆ ಜೋನ್ ಬೇಡ ಎಂದಿದೆ. ಜೋನ್ ಹಾಕಿದರೆ ಟ್ರೋಫಿ ಬರುತ್ತದೆ, ಹೆಡ್ ಮಾಸ್ತರರ ಕೋಣೆಯ ಕಪಾಟು ತುಂಬುತ್ತದೆ, ಒಪ್ಪುತ್ತೇನೆ. ಆದರೆ ಅದೇ ಹುಡುಗ 17ರೊಳಗಿನ ತಂಡಕ್ಕೆ ಬಂದಾಗ ಒಬ್ಬನ ಎದುರು ಕಾಲು ಸರಿಸಿ ನಿಲ್ಲಲು ಬರುವುದಿಲ್ಲ. ಕೈ ಎತ್ತಿ ನಿಲ್ಲುವುದಷ್ಟೇ ಗೊತ್ತು. ಎದುರಿನ ಮಗುವಿನ ತೋಳಿನಲ್ಲಿ ಬಲ ಇಲ್ಲದ್ದರಿಂದ ಬಂದ ಟ್ರೋಫಿ ಅದು, ನಮ್ಮ ಮಗು ಕಲಿತದ್ದರಿಂದ ಬಂದದ್ದಲ್ಲ. ಪ್ರಾಕ್ಟೀಸಿನಲ್ಲಿ ಮಾತ್ರ ಎಲ್ಲರನ್ನೂ ಜೋನಿನ ಒಳಗೆ ನಿಲ್ಲಿಸಿ. ಹಿಂದಿನ ಮೂವರ ನಡುವೆ ನಿಂತು, ಮುಂದೆ ಹೋಗಲೋ ಇಲ್ಲೇ ಇರಲೋ ಎಂದು ಒದ್ದಾಡಿದ ಮಗುವಿಗೆ ನಾಳೆ ಅದೇ ಜಾಗಕ್ಕೆ ಬಾಲ್ ಕೊಡುವುದು ಹೇಳಿಕೊಡಬೇಕಾಗಿಲ್ಲ.

ಚೀಟಿ ಬಂತು. ‘ಹತ್ತು ನಿಮಿಷ’ ಅಂತ ಬರೆದು, ಹೊಡೆದುಹಾಕಿ ‘ಐದು’ ಮಾಡಿದ್ದಾರೆ. ಚಹಾ ಆರುತ್ತಿದೆ ಅಂತ ಕಾಣುತ್ತದೆ.

ಹಾಗಾದರೆ ಬೇಗ ಬೇಗ. ಅವರ ಜೋನಿನ ಮುಂದಿನ ಸಾಲಿನಲ್ಲಿ ಇಬ್ಬರು ನಿಂತರೆ ನೀವು ಮೇಲೆ, ಅಂದರೆ ರಿಂಗಿನಿಂದ ದೂರ, ಒಬ್ಬನನ್ನು ಇಡಿ, ಆ ಇಬ್ಬರ ಸಂದಿಗೆ ಡ್ರಿಬಲ್ ಮಾಡಲಿ. ಎದುರಿಗೆ ಒಬ್ಬನೇ ನಿಂತರೆ, ಅಂದರೆ 1–3–1 ಇದ್ದರೆ, ನೀವು ಮೇಲೆ ಇಬ್ಬರನ್ನು ಇಡಿ. ಅದರ ದೌರ್ಬಲ್ಯ ಕಾರ್ನರ್. 3–2 ಬಗ್ಗೆ ಚಿತ್ರ ತಂದಿದ್ದೆ, ಬಿಡ್ತೀನಿ, ಅದಕ್ಕೂ ಉತ್ತರ ನಡುವೇ. ರಿಬೌಂಡ್, ಅಂದರೆ ಬೀಳದ ಶಾಟಿನ ಬಾಲ್ ಹಿಡಿಯುವುದು: ಜೋನಿನಲ್ಲಿ ಇವನನ್ನು ತಡೆಯಬೇಕಾದವನು ಇಂಥವನೇ ಎಂದು ಇರುವುದಿಲ್ಲ, ಆದ್ದರಿಂದ ಬಾಕ್ಸ್ ಔಟ್, ಅಂದರೆ ಬೆನ್ನು ಕೊಟ್ಟು ತಡೆಯುವುದು, ತಪ್ಪುತ್ತದೆ. ಶಾಟ್ ಹೋದ ಕೂಡಲೇ ಮೂವರನ್ನು ಒಳಗೆ ನುಗ್ಗಿಸಿ, ಇಬ್ಬರು ಹಿಂದೆ ಇರಲಿ. ಮತ್ತೆ, ಎದುರಿನವರು ಬಂದು ಜೋನ್ ಕಟ್ಟುವ ಮೊದಲೇ ಓಡಿ ಹೊಡೆದರೆ ಇದ್ಯಾವುದೂ ಬೇಕಾಗಿಲ್ಲ. ಫುಲ್ ಕೋರ್ಟ್ ಪ್ರೆಸ್ ಬಗ್ಗೆ ಕೇಳಬೇಕೆಂದವರು ಚಹಾ ಕುಡಿಯುತ್ತ ಕೇಳಿ.

ಆಮೇಲೆ ಎಲ್ಲರೂ ಕೋರ್ಟಿಗೆ ಬರ್ರಿ. ಹಾವೇರಿಯವರು ಐದು ಮಂದಿ 2–3 ನಿಲ್ರಿ, ಹುಬ್ಬಳ್ಳಿಯವರು ದಾಳಿ. ನಡುವಿಗೆ ಯಾರನ್ನ ನಿಲ್ಲಸ್ತೀರಿ ಅನ್ನೋದನ್ನ ನೀವೇ ತೀರ್ಮಾನ ಮಾಡ್ರಿ, ಬರೇ ಎತ್ತರ ನೋಡಬ್ಯಾಡ್ರಿ. ಚಪ್ಪಲಿ ಹಾಕ್ಕೊಂಡು ಬಂದವರು ಸ್ಕೋರ್ ಬರೀರಿ, ಮತ್ತ ಆ ನೀರು ನಿಂತದ್ದನ್ನ ಯಾರರ ಒಬ್ಬರು ಮೊದಲು ಬಳೀರಿ.