ಕಪಾಟಿನ ಕೀಲಿ ತೆಗೆಯೋಣ

ಕೇಳುಗರಿಗೆಲ್ಲ ನಮಸ್ಕಾರ.

ಹಾವೇರಿ ಜಿಲ್ಲೆಯ ಹೈಸ್ಕೂಲುಗಳಲ್ಲಿ 26 ವರ್ಷ ವಿಜ್ಞಾನ ಕಲಿಸಿದವಳು ನಾನು. ಶಾಲೆಯಲ್ಲಿ ವಿಜ್ಞಾನ ಹೇಗೆ ಕಲಿಸಬೇಕು ಅನ್ನೋದರ ಬಗ್ಗೆ ನಾಲ್ಕು ಮಾತು ಹೇಳಬೇಕು ಅಂತ ಬಂದಿದ್ದೇನೆ. ಒಂದು ಕಪಾಟಿನಿಂದಲೇ ಶುರು ಮಾಡುತ್ತೇನೆ.

ನಾನು ಕೆಲಸಕ್ಕೆ ಸೇರಿದ ಮೊದಲ ಶಾಲೆಯಲ್ಲಿ ಹಸಿರು ಬಣ್ಣದ ಕಬ್ಬಿಣದ ಕಪಾಟು ಇತ್ತು. ಒಳಗೆ ಗಾಜಿನ ನಳಿಗೆ, ಲೆನ್ಸು, ಅಯಸ್ಕಾಂತ, ಒಂದು ಸೂಕ್ಷ್ಮದರ್ಶಕ. ಬಾಗಿಲಿಗೆ ಕೀಲಿ. "ಒಂದು ಒಡೆದರೂ ನಿಮ್ಮ ಪಗಾರದಲ್ಲಿ ಹಿಡೀತಾರೆ ನೋಡ್ರಿ" ಅಂತ ಮೊದಲ ದಿನವೇ ಹೇಳಿದ್ದರು. ಹೆದರಿ ಎರಡು ವರ್ಷ ನಾನೂ ಅದನ್ನು ಮುಟ್ಟಲಿಲ್ಲ. ಸೂಕ್ಷ್ಮದರ್ಶಕದ ಚಿತ್ರವನ್ನು ಬೋರ್ಡಿನ ಮೇಲೆ ಬರೆದೆ. ಮಕ್ಕಳು ವಹಿಯಲ್ಲಿ ಇಳಿಸಿಕೊಂಡರು, ಪರೀಕ್ಷೆಯಲ್ಲಿ ಅಂಕವನ್ನೂ ತಗೊಂಡರು. ನಿಜವಾದ ಸೂಕ್ಷ್ಮದರ್ಶಕ ಪಕ್ಕದ ಕೋಣೆಯಲ್ಲೇ ಧೂಳು ಹಿಡಿದು ಕೂತಿತ್ತು. ಆ ಎರಡು ವರ್ಷದ ಮಕ್ಕಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ವಿಜ್ಞಾನ ಯಾಕೆ ಬೇಕು ಅಂತ ಕೇಳಿದರೆ ಬಹಳ ಜನ ಇಂಜಿನಿಯರಿಂಗ್ ಸೀಟಿನ ಮಾತು ತೆಗೆಯುತ್ತಾರೆ. ಅದೂ ಬೇಕು. 2016ರಲ್ಲಿ ಧಾರವಾಡಕ್ಕೆ ಐಐಟಿ ಬಂತು. ನಮ್ಮ ಹಳ್ಳಿ ಮಕ್ಕಳು ಅಲ್ಲಿ ಓದಬೇಕು ಅನ್ನೋ ಆಸೆ ನನಗೂ ಇದೆ. ಆದರೆ ಹತ್ತನೇ ಕ್ಲಾಸು ಮುಗಿಸಿ ಹೊಲಕ್ಕೋ ಅಂಗಡಿಗೋ ಹೋಗುವ ಮಗುವಿಗೂ ವಿಜ್ಞಾನ ಅಷ್ಟೇ ಬೇಕು, ಅಲ್ವಾ?

ಗದಗ ಜಿಲ್ಲೆಯ ಮುಂಡರಗಿ ಕಡೆ ನೋಡಿ. ಎಷ್ಟೋ ಊರುಗಳಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿಗೆ ಕಲೆ ಬೀಳುತ್ತದೆ. ಇನ್ನೂ ಜಾಸ್ತಿಯಾದರೆ ಎಲುಬು, ಕೀಲುಗಳಿಗೆ ತೊಂದರೆ. "ನಾವು ಕುದಿಸಿ ಆರಿಸಿ ಕುಡಿತೀವ್ರಿ" ಅಂತ ತಾಯಂದಿರು ನಂಬಿಕೆಯಿಂದ ಹೇಳುತ್ತಾರೆ. ಕುದಿಸಿದರೆ ರೋಗಾಣು ಸಾಯುತ್ತವೆ, ನಿಜ. ಫ್ಲೋರೈಡ್ ಹೋಗುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ. ಪಾತ್ರೆಯಲ್ಲಿ ಉಳಿದ ನೀರಿನಲ್ಲಿ ಫ್ಲೋರೈಡಿನ ಪಾಲು ಸ್ವಲ್ಪ ಏರಿಯೇ ಇರುತ್ತದೆ. ಶಾಲೆಯಲ್ಲಿ ಉಪ್ಪುನೀರು ಕಾಯಿಸಿ, ತಳದಲ್ಲಿ ಬಿಳಿ ಉಪ್ಪು ಉಳಿದದ್ದನ್ನು ತನ್ನ ಕಣ್ಣಿಂದ ನೋಡಿದ ಹುಡುಗಿಗೆ ಇದನ್ನು ಬೇರೆ ಹೇಳಿಕೊಡಬೇಕಾಗಿಲ್ಲ. "ಆವಿಯಾಗುವಿಕೆ ಎಂದರೇನು" ಅಂತ ಬಾಯಿಪಾಠ ಮಾಡಿದವಳಿಗೆ ಮನೆಯ ಪಾತ್ರೆ ನೆನಪಾಗುವುದು ಕಷ್ಟ.

ಪ್ರಯೋಗಕ್ಕೆ ಸಾಮಾನಿಲ್ಲ ಅಂತ ಶಿಕ್ಷಕರು ಹೇಳುತ್ತಾರೆ. ಎಷ್ಟೋ ಶಾಲೆಗಳಲ್ಲಿ ಅದು ಸುಳ್ಳಲ್ಲ. ಆದರೆ ಬ್ಯಾಡಗಿ ಮೆಣಸಿನಕಾಯಿಗೇನು ಬರವೇ? ಎರಡು ಗಾಜಿನ ಲೋಟ ತಗೊಳ್ಳಿ. ಒಂದರಲ್ಲಿ ನೀರು, ಇನ್ನೊಂದರಲ್ಲಿ ಶೇಂಗಾ ಎಣ್ಣೆ. ಎರಡಕ್ಕೂ ಅರ್ಧ ಚಮಚ ಖಾರದ ಪುಡಿ ಹಾಕಿ, ಕಲಕಿ, ಒಂದು ಪಿರಿಯಡ್ ಸುಮ್ನೆ ಬಿಡಿ. ನೀರಿನಲ್ಲಿ ಪುಡಿ ತಳಕ್ಕೆ ಕೂರುತ್ತದೆ, ನೀರಿಗೆ ಹೇಳಿಕೊಳ್ಳುವಂಥ ಬಣ್ಣ ಬರುವುದಿಲ್ಲ. ಎಣ್ಣೆ ಮಾತ್ರ ಕೆಂಪಗೆ ಹೊಳೆಯುತ್ತದೆ. ನಮ್ಮ ಅಡುಗೆಮನೆಯಲ್ಲಿ ಒಗ್ಗರಣೆ ದಿನಾ ತೋರಿಸುವುದೂ ಇದನ್ನೇ. ಮೆಣಸಿನಕಾಯಿಯ ಕೆಂಪು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಬ್ಯಾಡಗಿ ಕಾಯಿಂದ ಬಣ್ಣ ತೆಗೆಯುವ ಕಾರ್ಖಾನೆಗಳ ವ್ಯವಹಾರ ನಿಂತಿರುವುದೂ ಈ ಗುಣದ ಮೇಲೆ.

ಒಮ್ಮೆ ಎಂಟನೇ ಕ್ಲಾಸಿನ ಹುಡುಗನೊಬ್ಬ ಈ ಲೋಟಗಳನ್ನು ನೋಡುತ್ತ ಕೇಳಿದ: "ಟೀಚರ್, ಬ್ಯಾಡಗಿ ಕಾಯಿ ಇಷ್ಟ್ ಕೆಂಪದ, ಆದ್ರ ಖಾರ ಕಡಿಮಿ. ಹಂಗಾದ್ರ ಕೆಂಪು ಬ್ಯಾರೆ, ಖಾರ ಬ್ಯಾರೆ ಏನ್ರಿ?" ಹೌದು, ಎರಡೂ ಬೇರೆ ಬೇರೆ ಪದಾರ್ಥ. ಅವನು ಅದನ್ನು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ತಾನೇ ಯೋಚಿಸಿ ಹಿಡಿದಿದ್ದ. ಖಾರದ ಅಂಶವೂ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ. ಬಾಯಿ ಉರಿದಾಗ ನೀರು ಕುಡಿದರೂ ತಣಿಯದೆ, ಹಾಲು ಮೊಸರಿಗೆ ತಣಿಯುವುದು ಅದಕ್ಕೇ.

ಈಗ ಶಾಲೆಗಳಿಗೆ ಸ್ಮಾರ್ಟ್ ಕ್ಲಾಸ್ ಬಂದಿದೆ. ಗ್ರಹಣ, ಹೃದಯ, ಪರಮಾಣು ಇಂಥವನ್ನು ತೋರಿಸಲು ಬಹಳ ಒಳ್ಳೆಯದು. ಆದರೆ ನಿಂಬೆಹಣ್ಣಿನ ರಸಕ್ಕೆ ನೀಲಿ ಲಿಟ್ಮಸ್ ಕೆಂಪಾಗುವುದನ್ನು ಟಿ.ವಿ.ಯಲ್ಲಿ ತೋರಿಸಬೇಡಿ. ಅದನ್ನು ಮಕ್ಕಳ ಕೈಗೆ ಕೊಡಿ. ಕೆಲವು ಶಾಲೆಗಳಿಗೆ ಮಕ್ಕಳೇ ಕೈಯಾರೆ ಮಾಡಿ ಕಲಿಯಲಿ ಅಂತ ಕೇಂದ್ರ ಸರ್ಕಾರ ಕೊಡುವ ಅಟಲ್ ಟಿಂಕರಿಂಗ್ ಲ್ಯಾಬ್ ಸಿಕ್ಕಿದೆ. 20 ಲಕ್ಷ ರೂಪಾಯಿವರೆಗೆ ಅನುದಾನ, ಸೆನ್ಸರ್, ತ್ರೀಡಿ ಪ್ರಿಂಟರ್. ಅಂಥ ಒಂದು ಲ್ಯಾಬಿಗೆ ಹೋದಾಗ ಪ್ರಿಂಟರಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೇ ಇತ್ತು. ನನ್ನ ಹಸಿರು ಕಪಾಟೇ ನೆನಪಾಯಿತು. ಸಾಮಾನು ಒಡೆಯಲಿ, ಸವೆಯಲಿ. ಒಡೆದದ್ದಕ್ಕೆ ಶಿಕ್ಷಕರನ್ನು ಹಿಡಿಯುವುದಿಲ್ಲ ಅಂತ ಮುಖ್ಯೋಪಾಧ್ಯಾಯರೂ, ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರೂ ಬಾಯಿಬಿಟ್ಟು ಹೇಳಿದರೆ, ಅರ್ಧ ಕೆಲಸ ಆದ ಹಾಗೆ.

ಇನ್ನೊಂದು ಮಾತು. ಪ್ರಯೋಗದಲ್ಲಿ ವೈರು ಜೋಡಿಸುವವರು ಗಂಡುಹುಡುಗರು, ಚೆಂದದ ಅಕ್ಷರದಲ್ಲಿ ರೆಕಾರ್ಡ್ ಬರೆಯುವವರು ಹೆಣ್ಣುಮಕ್ಕಳು. ಇದನ್ನು ಎಷ್ಟು ಶಾಲೆಗಳಲ್ಲಿ ನೋಡಿದ್ದೇನೋ! ಸ್ಕ್ರೂಡ್ರೈವರನ್ನು ಮೊದಲು ಹುಡುಗಿಯರ ಕೈಗೆ ಕೊಡಿ.

ಕೊನೆಗೆ ರಾಣೆಬೆನ್ನೂರು ಕಡೆಯ ಒಂದು ಸಂಗತಿ. ಹತ್ತನೇ ಕ್ಲಾಸಿನಲ್ಲಿ ಪರಾಗಸ್ಪರ್ಶದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಟೀಚರ್, ಇದಕ್ಕ ಕ್ರಾಸಿಂಗ್ ಅಂತಾರ್ರಿ. ನಮ್ಮವ್ವ ದಿನಾ ಮಾಡ್ತಾಳ." ನಿಜವೇ. ಹೈಬ್ರಿಡ್ ಹತ್ತಿ ಬೀಜ ತಯಾರಾಗುವುದು ಒಂದು ಗಿಡದ ಪರಾಗವನ್ನು ಇನ್ನೊಂದರ ಹೂವಿಗೆ ಹೀಗೆ ಕೈಯಿಂದ ಸವರಿಯೇ. 1972ರಲ್ಲಿ ಹತ್ತಿ ವಿಜ್ಞಾನಿ ಡಾ. ಕಟರಕಿಯವರು ಧಾರವಾಡದಲ್ಲಿ ವರಲಕ್ಷ್ಮಿ ಅನ್ನೋ ಹೈಬ್ರಿಡ್ ಹತ್ತಿ ಮಾಡಿಕೊಟ್ಟದ್ದೂ ಎರಡು ಜಾತಿಯ ಹತ್ತಿಯನ್ನು ಹೀಗೆ ಕೂಡಿಸಿಯೇ.

ಮರುದಿನ ಅವಳ ತಾಯಿಯನ್ನು ಕರೆಸಿದೆ. ಸೆರಗಿನಲ್ಲಿ ನಾಲ್ಕು ಹತ್ತಿ ಮೊಗ್ಗು ಕಟ್ಟಿಕೊಂಡು ಬಂದು ಬಾಗಿಲಲ್ಲೇ ನಿಂತರು. ಹೆಬ್ಬೆರಳ ಉಗುರಿನಿಂದ ಮೊಗ್ಗು ಸೀಳಿ, ಎಸಳಿನ ಜೊತೆಗೇ ಗಂಡುಕೇಸರ ಕಿತ್ತು ತೋರಿಸಿದರು. ನಡುವಿನ ಹೆಣ್ಣು ಎಳೆಗೆ ಚೂರೂ ನೋವಾಗಿರಲಿಲ್ಲ. "ಸಂಜಿಕ್ಕ ಹಿಂಗ ತಗೀತೀವ್ರಿ. ಮುಂಜಾನೆ ಗಂಡು ಹೂವ ತಂದು ಸವರತೀವಿ" ಅಂದರು. ಮಕ್ಕಳು ಎದ್ದು ಅವರನ್ನು ಸುತ್ತುವರಿದಿದ್ದರು. ಆಮೇಲೆ ಅವರೇ ಒಂದು ಪ್ರಶ್ನೆ ಕೇಳಿದರು. "ಈ ಹೈಬ್ರಿಡ್ ಬೀಜದ ಬೆಳಿಯಿಂದ ಬೀಜ ಇಟಗೊಂಡು ಮುಂದಿನ ವರ್ಷ ಬಿತ್ತಿದ್ರ, ಹಂಗ ಯಾಕ ಬರೂದಿಲ್ರಿ?"

ನಾನು ಉತ್ತರ ಹೇಳಲಿಲ್ಲ. ಮೆಂಡಲನ ಬಟಾಣಿ ಗಿಡದ ಪಾಠ ಅದರ ಹಿಂದಿನ ವಾರ ಆಗಿತ್ತು. ಮಗಳು ಹೋಗಿ ಚಾಕ್ ಎತ್ತಿಕೊಂಡಳು. ಒಂದು ಉದ್ದ ಗಿಡ, ಒಂದು ಗಿಡ್ಡ ಗಿಡ ಬರೆದಳು. ಅವುಗಳಿಂದ ಹುಟ್ಟಿದವೆಲ್ಲ ಉದ್ದ. ಅವುಗಳ ಬೀಜ ಬಿತ್ತಿದಾಗ ಮೂರು ಉದ್ದಕ್ಕೆ ಒಂದು ಗಿಡ್ಡ. "ಕೂಡಿದ್ದು ಮತ್ತ ಬ್ಯಾರೆ ಬ್ಯಾರೆ ಆಗ್ತದವ್ವಾ, ಅದಕ್ಕ ಎಲ್ಲಾ ಒಂದ ನಮೂನಿ ಬರೂದಿಲ್ಲ" ಅಂದಳು. ತಾಯಿ ಬಾಗಿಲು ಬಿಟ್ಟು ಒಳಗೆ ಬಂದು, ಮೊದಲ ಬೆಂಚಿನಲ್ಲಿ ಕೂತು, "ಇನ್ನೊಮ್ಮಿ ಹೇಳವಾ" ಅಂದರು.

ನಮಸ್ಕಾರ.