ಬನಿಯನ್ ಮೇಲಿನ ಕಲೆ

ಕೇಳುಗರೇ, ನಮಸ್ಕಾರ.

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ಒಬ್ಬರು ತೋರಿಸಿಕೊಳ್ಳಲು ಬಂದಿದ್ದರು. ಅರವತ್ತರ ಆಸುಪಾಸು. ಎತ್ತರದ ಆಳು, ಉದ್ದನೆಯ ಕಾಲು. ಏಪ್ರಿಲ್ ತಿಂಗಳ ಸೆಖೆಯಲ್ಲೂ ಅಂಗಿಯೊಳಗೆ ದಪ್ಪ ಬನಿಯನ್, ಹೆಗಲಿನಿಂದ ಎದೆ ಮೇಲೆ ಇಳಿಬಿಟ್ಟ ಟವೆಲ್. ಅಂಗಿ ಬಿಚ್ಚಿ ಅಂದೆ. ಅವರು ಹೆಂಡತಿಯ ಮುಖ ನೋಡಿದರು.

ಆಕೆ ಹೇಳಿದರು: "ಮೂವತ್ತು ವರ್ಷ ಆಯ್ತು ಡಾಕ್ಟ್ರೇ, ನನ್ನೆದುರಿಗೂ ಬನಿಯನ್ ತೆಗೆದವರಲ್ಲ. ಆದ್ರೆ ಬಟ್ಟೆ ಒಗೆಯೋಳು ನಾನೇ ಅಲ್ವಾ? ಎಡಗಡೆ ರಕ್ತದ ಕಲೆ ಕಾಣಿಸ್ತು."

ಎಡಗಡೆಯ ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಪಕ್ಕದಲ್ಲೇ ಹುಣಸೆ ಬೀಜಕ್ಕಿಂತ ಸ್ವಲ್ಪ ದೊಡ್ಡದಾದ, ಕಲ್ಲಿನಂಥ ಗಂಟು. ನೋವು ಇರಲಿಲ್ಲ. ನೋವಿಲ್ಲ ಅಂತಲೇ ಅವರು ಎಂಟು ತಿಂಗಳು ಸುಮ್ನೆ ಇದ್ದುಬಿಟ್ಟಿದ್ದರು.

ಗಂಡಸರಿಗೂ ಸ್ತನ ಕ್ಯಾನ್ಸರ್ ಬರುತ್ತದೆ. ಈ ಕಾಯಿಲೆ ಬಂದ 100 ಜನರಲ್ಲಿ ಗಂಡಸರು ಸುಮಾರು ಒಬ್ಬರು, ಅಷ್ಟೇ. ಆದರೆ ಗಂಡಸರಲ್ಲೇ ಕೆಲವರಿಗೆ ಇದರ ಅಪಾಯ ಜಾಸ್ತಿ. ಅವರಿಗೆ ಇರುವ ಸ್ಥಿತಿಯ ಹೆಸರು ಕ್ಲೈನ್‌ಫೆಲ್ಟರ್ ಸಿಂಡ್ರೋಮ್.

1942ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ಎಂಬ ಡಾಕ್ಟರು ಮತ್ತು ಅವರ ಜೊತೆಯವರು ಒಂಬತ್ತು ಗಂಡಸರ ಬಗ್ಗೆ ಬರೆದರು. ಎದೆ ಬೆಳೆದಿತ್ತು, ವೃಷಣ ಚಿಕ್ಕದಾಗಿತ್ತು. ಕಾರಣ ಗೊತ್ತಾಗಿದ್ದು 1959ರಲ್ಲಿ, ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ. ನಮ್ಮ ಜೀವಕೋಶಗಳ ಒಳಗೆ ವಂಶವಾಹಿಗಳನ್ನು ಹೊತ್ತ ಎಳೆಗಳಿಗೆ ಕ್ರೋಮೋಸೋಮ್ ಅನ್ನುತ್ತಾರೆ. ಸಾಮಾನ್ಯವಾಗಿ ಗಂಡಸಿಗೆ ಒಂದು ಎಕ್ಸ್, ಒಂದು ವೈ ಕ್ರೋಮೋಸೋಮ್ ಇರುತ್ತದೆ. ಇವರಿಗೆ ಒಂದು ಎಕ್ಸ್ ಹೆಚ್ಚಿಗೆ. ಇದೇನೂ ಅಪರೂಪವಲ್ಲ. ಹುಟ್ಟುವ 500ರಿಂದ 1,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಇರುತ್ತದೆ. ಬಹಳಷ್ಟು ಜನ ಅದು ಗೊತ್ತೇ ಆಗದೆ ಬದುಕು ಮುಗಿಸುತ್ತಾರೆ.

ಗೊತ್ತಾಗುವುದು ಹೆಚ್ಚಾಗಿ ಮಕ್ಕಳಾಗದಿದ್ದಾಗ. ಅದೂ ಗಂಡನನ್ನು ಪರೀಕ್ಷೆ ಮಾಡಿದರೆ ಮಾತ್ರ. ನಾನು ಹೇಳಿದ ದಂಪತಿಗೂ ಮಕ್ಕಳಿರಲಿಲ್ಲ. ಆಕೆ ಹೊರದ ಹರಕೆ ಇಲ್ಲ, ಕೇಳದ ಮಾತಿಲ್ಲ. ಗಂಡನ ವೀರ್ಯ ಪರೀಕ್ಷೆ ಮಾಡಿಸಿ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಕ್ರೋಮೋಸೋಮ್ ಎಣಿಸಿ ನೋಡುವ ಕ್ಯಾರಿಯೊಟೈಪ್ ಅನ್ನುವ ರಕ್ತ ಪರೀಕ್ಷೆಯ ಫಲಿತಾಂಶ ಬಂದ ದಿನ ಆಕೆ ಕೇಳಿದರು: "ಹಾಗಾದ್ರೆ ನನ್ನಲ್ಲಿ ದೋಷ ಇರಲಿಲ್ಲ?" ಇರಲಿಲ್ಲ. ಗಂಡನ ತಪ್ಪೂ ಅಲ್ಲ, ಅವರ ಅಪ್ಪ ಅಮ್ಮನ ತಪ್ಪೂ ಅಲ್ಲ. ಅಂಡಾಣುವೋ ವೀರ್ಯಾಣುವೋ ರೂಪುಗೊಳ್ಳುವಾಗ ಕ್ರೋಮೋಸೋಮ್‌ಗಳು ಸರಿಯಾಗಿ ಬೇರ್ಪಡದೆ ಆಗುವ ಆಕಸ್ಮಿಕ ಅದು.

ಇನ್ನು ಕ್ಯಾನ್ಸರ್ ವಿಚಾರ. ಈ ಸ್ಥಿತಿ ಇರುವವರಲ್ಲಿ ಗಂಡಸರ ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಕಡಿಮೆ, ಅದಕ್ಕೆ ಹೋಲಿಸಿದರೆ ಹೆಂಗಸರಲ್ಲಿ ಹೆಚ್ಚಿರುವ ಈಸ್ಟ್ರೊಜೆನ್ ಹಾರ್ಮೋನ್ ಜಾಸ್ತಿ. ಹಾಗಾಗಿ ಹಲವರಲ್ಲಿ ಎದೆ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ಇಂಥ 3,500ಕ್ಕೂ ಹೆಚ್ಚು ಗಂಡಸರನ್ನು ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ತನ ಕ್ಯಾನ್ಸರ್ ಬೇರೆ ಗಂಡಸರಿಗಿಂತ ಸುಮಾರು 19 ಪಟ್ಟು ಹೆಚ್ಚು ಕಂಡುಬಂತು. ದಯವಿಟ್ಟು ಇದನ್ನು ಕೇಳಿ ಗಾಬರಿಯಾಗಬೇಡಿ. ಮೊದಲೇ ತೀರಾ ಕಡಿಮೆ ಇರುವ ಅಪಾಯದ 19 ಪಟ್ಟು ಅದು. ಹೆಂಗಸರಿಗೆ ಇರುವ ಅಪಾಯಕ್ಕಿಂತ ಈಗಲೂ ಎಷ್ಟೋ ಕಡಿಮೆ. ಕ್ಲೈನ್‌ಫೆಲ್ಟರ್ ಇರುವ ಹೆಚ್ಚಿನವರಿಗೆ ಈ ಕ್ಯಾನ್ಸರ್ ಬರುವುದೇ ಇಲ್ಲ.

ನನಗೆ ಸಂಕಟ ಆಗುವುದು ಬೇರೆ ಕಾರಣಕ್ಕೆ. ಶಾಲೆಯಲ್ಲಿ ಎದೆ ನೋಡಿ ನಕ್ಕ ಹುಡುಗರು, ಕೆರೆಗೆ ಈಜಲು ಹೋಗದೆ ದಡದಲ್ಲೇ ಕೂತ ಮಧ್ಯಾಹ್ನಗಳು. ಹಾಗೆ ಬೆಳೆದ ಮನುಷ್ಯ ತನ್ನ ಎದೆಯನ್ನು ತಾನೂ ನೋಡಿಕೊಳ್ಳುವುದಿಲ್ಲ. ಯಾರು ನೋಡಿಕೊಳ್ಳಲೇಬೇಕೋ ಅವರೇ ಮುಚ್ಚಿಡುತ್ತಾರೆ.

ಹದಿಹರೆಯದ ಹುಡುಗರಲ್ಲಿ ಎದೆ ಸ್ವಲ್ಪ ಉಬ್ಬುವುದು ಸಾಮಾನ್ಯ, ಹೆಚ್ಚಾಗಿ ಒಂದೆರಡು ವರ್ಷದಲ್ಲಿ ಇಳಿಯುತ್ತದೆ. ಕ್ಯಾನ್ಸರ್ ಗಂಟು ಬೇರೆ ಥರ. ಗಟ್ಟಿ ಇರುತ್ತದೆ, ಸಾಮಾನ್ಯವಾಗಿ ಒಂದೇ ಕಡೆ, ನೋವಿಲ್ಲದೆ. ತೊಟ್ಟು ಒಳಕ್ಕೆ ಹೋಗಬಹುದು, ಹುಣ್ಣಾಗಬಹುದು, ರಕ್ತ ಬರಬಹುದು. ಕಂಕುಳಲ್ಲಿ ಗಂಟು ಸಿಗಬಹುದು. ಸ್ನಾನ ಮಾಡುವಾಗ ಸೋಪಿನ ಕೈಯನ್ನು ತೊಟ್ಟಿನ ಸುತ್ತ, ಆಮೇಲೆ ಕಂಕುಳಿಗೆ ನಿಧಾನವಾಗಿ ಆಡಿಸಿ. ತಿಂಗಳಿಗೊಮ್ಮೆ ಎರಡು ನಿಮಿಷ ಸಾಕು.

ಗಂಟು ಸಿಕ್ಕರೆ ಆ ವಾರವೇ ಡಾಕ್ಟರ ಹತ್ತಿರ ಹೋಗಿ. ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್-ರೇ, ಗಂಡಸರಿಗೂ ಮಾಡುತ್ತಾರೆ. ಅನುಮಾನ ಇದ್ದರೆ ಸೂಜಿ ಹಾಕಿ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಬೇಗ ಸಿಕ್ಕರೆ ಆಪರೇಷನ್‌ನಿಂದ ವಾಸಿಯಾಗುವ ಸಾಧ್ಯತೆ ಚೆನ್ನಾಗಿದೆ. ಗಂಡಸರ ಸ್ತನ ಕ್ಯಾನ್ಸರ್‌ನಲ್ಲಿ ಬಹುಪಾಲು ಹಾರ್ಮೋನ್‌ಗೆ ಸ್ಪಂದಿಸುವಂಥದ್ದು, ಅದಕ್ಕೆ ಟಮಾಕ್ಸಿಫೆನ್ ಎಂಬ ಹಳೆಯ ಮಾತ್ರೆ ಇದೆ.

ಕ್ಲೈನ್‌ಫೆಲ್ಟರ್ ಇದೆ ಅಂತ ನಿಮಗೆ ಮೊದಲೇ ಗೊತ್ತಿದ್ದರೆ, ಡಾಕ್ಟರ ಎದುರು ಕೂತ ತಕ್ಷಣ ಮೊದಲು ಅದನ್ನೇ ಹೇಳಿ. ರಿಪೋರ್ಟ್ ಬ್ಯಾಗಿನಲ್ಲಿ ಇಟ್ಟುಕೊಂಡೇ ಹೋಗಿ. ಅವರು "ಗಂಡಸರಿಗೆಲ್ಲ ಇದು ಬರಲ್ಲ" ಅಂದರೆ ಎದ್ದು ಬರಬೇಡಿ. ಮುಟ್ಟಿ ನೋಡಿ ಅಂತ ಕೇಳಿ.

ನಮಸ್ಕಾರ.