ಒಂದು ಹಳ್ಳ, 270 ಅಡಿ ಇಳಿಜಾರು: ಯೇಟ್ಸ್ ಕೌಂಟಿಯಲ್ಲಿ ಒಂದು ದಿನ

ಈ ವಿಡಿಯೋದಲ್ಲಿ ಮೊದಲು ಈ ಕಾವಲಿ ನೋಡಿ. ಹಿಟ್ಟಿನ ಗಿರಣಿಯ ಗೋಡೆ ಮೇಲೆ ಕಾಣ್ತಿರೋದು ಬರೀ ಅರ್ಧ. ಪೂರ್ತಿ ಕಾವಲಿಯ ಅಡ್ಡಳತೆ 28 ಅಡಿ 1 ಅಂಗುಲ. 1987ರಲ್ಲಿ ಈ ಊರಿನವರು ಇದರ ಮೇಲೆ ಒಂದೇ ಒಂದು ಪ್ಯಾನ್‌ಕೇಕ್ ಹುಯ್ದು ಆ ಕಾಲಕ್ಕೆ ವಿಶ್ವದಾಖಲೆ ಮಾಡಿದ್ರು. "ಸಟ್ಟುಗ ಎಲ್ಲಿಟ್ಟಿದಾರೆ?" ಅಂತ ನನ್ನ ಹೆಂಡತಿ ಗಂಭೀರವಾಗೇ ಕೇಳಿದಳು.

ಹಿಟ್ಟು ಬಕ್‌ವೀಟ್‌ದು. ಹೆಸರಲ್ಲಿ ವೀಟ್ ಇದೆ, ಗೋಧಿಗೂ ಇದಕ್ಕೂ ಸಂಬಂಧ ಇಲ್ಲ. ಮೂರು ಮೂಲೆಯ ಕಪ್ಪು ಕಾಳು. ಉತ್ತರ ಭಾರತದವರು ಉಪವಾಸದ ದಿನ ತಿನ್ನೋ ಕುಟ್ಟು ಇದೇ. ಈ ಗಿರಣಿ, ಬರ್ಕೆಟ್ ಮಿಲ್ಸ್, 1797ರಿಂದ ಇಲ್ಲೇ ಇದೆ. ಊರಿನ ಹೆಸರು ಪೆನ್ ಯಾನ್. ನಾನು ಮೊದಲ ಸಲ ಕೇಳಿದಾಗ ಚೀನಾದ ಹೆಸರು ಅಂದ್ಕೊಂಡಿದ್ದೆ. ಇಲ್ಲಿ ನೆಲೆ ನಿಂತವರಲ್ಲಿ ಒಂದು ಗುಂಪು ಪೆನ್ಸಿಲ್ವೇನಿಯಾದವರು, ಇನ್ನೊಂದು ನ್ಯೂ ಇಂಗ್ಲೆಂಡಿನ ಯಾಂಕಿಗಳು. ಊರಿಗೆ ಯಾರ ಹೆಸರಿಡೋದು ಅನ್ನೋದಕ್ಕೆ ಇಬ್ಬರಿಂದಲೂ ಒಂದೊಂದು ತುಂಡು ಕಿತ್ತು ಜೋಡಿಸಿದ್ರು.

ರಾಚೆಸ್ಟರ್‌ನ ನಮ್ಮ ಮನೆಯಿಂದ ಒಂದು ಗಂಟೆ ಚಿಲ್ಲರೆ ದಾರಿ. ನ್ಯೂಯಾರ್ಕ್ ಅಂದ ಕೂಡ್ಲೇ ಗಗನಚುಂಬಿ ಕಟ್ಟಡ ನೆನಪಾಗೋರಿಗೆ ಹೇಳ್ತೀನಿ, ಇದೂ ನ್ಯೂಯಾರ್ಕ್ ರಾಜ್ಯಾನೇ. ಯೇಟ್ಸ್ ಕೌಂಟಿ. 1823ರಲ್ಲಿ ಆಗಿದ್ದು, ಆಗಿನ ಗವರ್ನರ್ ಜೋಸೆಫ್ ಯೇಟ್ಸ್ ಹೆಸರು. ಜನ 25 ಸಾವಿರದ ಹತ್ತಿರ, ಅಂದ್ರೆ ನಮ್ಮ ಕಡೆ ಒಂದು ಹೋಬಳಿಯಷ್ಟು.

ಪೂರ್ವಕ್ಕೆ ಸೆನೆಕಾ ಲೇಕ್, ನಡುವೆ ಕ್ಯೂಕಾ ಲೇಕ್. ಇವನ್ನ ಕೆರೆ ಅನ್ನೋಕೆ ನಂಗೆ ಬಾಯಿ ಬರಲ್ಲ. ಕೆರೆ ಅಂದ್ರೆ ಯಾರೋ ಏರಿ ಹಾಕಿ ಕಟ್ಟಿಸಿದ್ದು. ಇವನ್ನ ತೋಡಿದ್ದು ಹಿಮಯುಗದ ಮಂಜುಗಡ್ಡೆ. ಸೆನೆಕಾದ ಆಳ 618 ಅಡಿ, ಅದರ ತಳ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಕ್ಯೂಕಾ ಇಂಗ್ಲಿಷಿನ ವೈ ಅಕ್ಷರದ ಥರ ಕವಲೊಡೆದಿದೆ, ಹಾಗಾಗಿ ಹಿಂದೆ ಇದನ್ನ ಸೊಟ್ಟ ಸರೋವರ ಅಂತಿದ್ರು. ಎರಡರ ನೀರಿನ ಮಟ್ಟಕ್ಕೂ 270 ಅಡಿ ವ್ಯತ್ಯಾಸ. ಮೇಲಿನ ಕ್ಯೂಕಾದಿಂದ ಕೆಳಗಿನ ಸೆನೆಕಾಗೆ ಒಂದು ಹಳ್ಳ ಹರಿಯುತ್ತೆ, ಏಳು ಮೈಲಿ. ಈ ಕೌಂಟಿಯಲ್ಲಿ ಯಾರು ದುಡ್ಡು ಮಾಡಿದ್ದಾರೋ, ಈ ನೀರಿನ ಋಣದಲ್ಲೇ ಮಾಡಿದ್ದಾರೆ. ಅದಕ್ಕೇ ಇವತ್ತು ಈ ಹಳ್ಳದ ಪಕ್ಕದಲ್ಲೇ ನಡೆದ್ವಿ.

ಇದು ಸೆನೆಕಾ ಅನ್ನೋ ಮೂಲನಿವಾಸಿ ಜನರ ನೆಲ. 1779ರಲ್ಲಿ ಅಮೆರಿಕದ ಸೇನಾಪತಿ ಜಾರ್ಜ್ ವಾಷಿಂಗ್ಟನ್ ಆಜ್ಞೆ ಮೇಲೆ ಜನರಲ್ ಸಲಿವನ್‌ನ ಸೈನ್ಯ ಈ ಸೀಮೆಗೆ ನುಗ್ಗಿ ಊರುಗಳನ್ನ ಸುಟ್ಟಿತು, ಮುಸುಕಿನ ಜೋಳದ ಹೊಲ, ಹಣ್ಣಿನ ತೋಟ ಏನನ್ನೂ ಬಿಡಲಿಲ್ಲ. ಹತ್ತು ವರ್ಷ ಕಳೆಯೋದ್ರೊಳಗೆ ಬಿಳಿಯರು ಬಂದು ಕೂತಿದ್ರು. ದಾರಿಯ ಫಲಕಗಳು "ಮೊದಲ ನಿವಾಸಿಗಳು" ಅಂತ ಬರೆದಾಗ ಯಾವುದಕ್ಕೂ ಒಂದ್ಸಲ ಇದನ್ನ ನೆನಪಿಟ್ಕೊಳ್ಳಿ.

ಬಂದವರ ಕಥೇನೂ ವಿಚಿತ್ರ. ರೋಡ್ ಐಲೆಂಡ್‌ನಲ್ಲಿ ಜೆಮೈಮಾ ವಿಲ್ಕಿನ್ಸನ್ ಅಂತ ಒಬ್ಬ ಹೆಣ್ಣುಮಗಳು. 1776ರಲ್ಲಿ ಜ್ವರ ಬಂದು ಮಲಗಿದವಳು ಎದ್ದು, "ಜೆಮೈಮಾ ಸತ್ತಳು, ಈ ದೇಹದಲ್ಲಿರೋದು ದೇವರು ಕಳಿಸಿದ ಚೇತನ" ಅಂದುಬಿಟ್ಟಳು. ಹಳೇ ಹೆಸರು ಬೇಡ, ಅವಳು-ಅವನು ಅನ್ನೋದೂ ಬೇಡ; ಪಬ್ಲಿಕ್ ಯೂನಿವರ್ಸಲ್ ಫ್ರೆಂಡ್ ಅನ್ನಿ, ಸಾಕು. ಹಾಗಾಗಿ ನಾನೂ ಇನ್ನು ಫ್ರೆಂಡ್ ಅಂತಲೇ ಕರೀತೀನಿ. ಫ್ರೆಂಡ್‌ನ ಹಿಂಬಾಲಕರು ಕಾಡು ಕಡಿದು ಇಲ್ಲಿ ನೆಲೆಯಾದ್ರು. ಭಕ್ತರು ನಿಜ, ಆದ್ರೆ ಲೆಕ್ಕಾಚಾರದವರು: ಹಳ್ಳ ಧುಮುಕೋ ಜಾಗ ನೋಡಿ ಹಿಟ್ಟಿನ ಗಿರಣಿ ಹಾಕಿದ್ರು.

ಆ ಜಾಗ ಇದೇ, ಸೆನೆಕಾ ಮಿಲ್ಸ್ ಜಲಪಾತ. ಕಲ್ಲಿನ ಗೋಡೆಗೆ ಕೈಯಿಟ್ಟೆ. ಪಾಚಿ ಒದ್ದೆ ಕಂಬಳಿ ಥರ ಒತ್ತುತ್ತೆ, ಸಂದಿನಲ್ಲಿ ಬೇರು ನುಗ್ಗಿ ಕಲ್ಲನ್ನ ಒಂದು ಬೆರಳಷ್ಟು ಆಚೆ ತಳ್ಳಿದೆ. ಆಮೇಲೆ ಹಳ್ಳದುದ್ದಕ್ಕೂ ಮರ ಕೊಯ್ಯೋ ಗಿರಣಿ, ಕಾಗದದ ಕಾರ್ಖಾನೆ. 1833ರ ಹೊತ್ತಿಗೆ ಪಕ್ಕಕ್ಕೇ ಕಾಲುವೆ ತೋಡಿ ಮುಗಿಸಿದ್ರು. ಏಳು ಮೈಲಿಗೆ 25ಕ್ಕೂ ಹೆಚ್ಚು ಲಾಕ್ ಗೇಟು; ದೋಣಿ ಮೆಟ್ಟಿಲಿಳಿದ ಹಾಗೆ ಒಂದೊಂದಾಗಿ ಇಳೀಬೇಕು. ಲಾಭ ಬರಲಿಲ್ಲ, 1877ಕ್ಕೆ ಮುಚ್ಚಿದ್ರು. ಅದರ ಮೇಲೆ ರೈಲು ಬಂತು. 1972ರಲ್ಲಿ ಆಗ್ನೆಸ್ ಚಂಡಮಾರುತ ಹಳಿಯನ್ನೂ ಕೊಚ್ಚಿಕೊಂಡು ಹೋಯ್ತು. ಈಗ ನಾವು ನಡೀತಿರೋದು ಆ ರೈಲಿನ ದಾರಿಯಲ್ಲೇ.

ಈ ಶಾಟ್‌ನಲ್ಲಿ ಬರೀ ರಸ್ತೆ ಕಾಣ್ತಿದೆ, ಗೊರಸಿನ ಸದ್ದು ಮಾತ್ರ ಕೇಳುತ್ತೆ. ಕುದುರೆ ಗಾಡಿ ಹತ್ತಿರ ಬರ್ತಿದ್ದ ಹಾಗೇ ಕ್ಯಾಮೆರಾ ಕೆಳಗಿಳಿಸಿದೆ. ಇವರು ಮೆನೊನೈಟರು, ಹಳೇ ಪದ್ಧತಿ ಬಿಡದ ಕ್ರೈಸ್ತ ಪಂಗಡದವರು, ಫೋಟೋ ತೆಗೆಸ್ಕೊಳ್ಳೋದು ಇಷ್ಟ ಇಲ್ಲ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ ಜಮೀನಿನ ಬೆಲೆ ಏರಿದಾಗ, 1970ರ ದಶಕದಲ್ಲಿ ಇಲ್ಲಿಗೆ ಬಂದ್ರು. ಪಾಳು ಬೀಳ್ತಿದ್ದ ಹೈನು ಕೊಟ್ಟಿಗೆಗಳು ಮತ್ತೆ ತುಂಬಿದವು. ಕಾರಿಲ್ಲ, ಆದ್ರೆ ಹೊಲಕ್ಕೆ ಟ್ರ್ಯಾಕ್ಟರ್ ಇದೆ, ಅದಕ್ಕೆ ರಬ್ಬರ್ ಟೈರ್ ಬದಲು ಕಬ್ಬಿಣದ ಚಕ್ರ. ಕಾರಣ ಕೇಳಿದ್ರೆ ನಗು ಬರುತ್ತೆ, ಯೋಚಿಸಿದ್ರೆ ಜಾಣತನ: ರಬ್ಬರ್ ಟೈರ್ ಇದ್ರೆ ಹುಡುಗ್ರು ಅದನ್ನೇ ಕಾರಿನ ಥರ ಪೇಟೆಗೆ ಓಡಿಸ್ತಾರಲ್ಲ!

ಇನ್ನು ದ್ರಾಕ್ಷಿ. ಈ ಚಳಿ ಸೀಮೆಯಲ್ಲಿ ದ್ರಾಕ್ಷಿ ಬೆಳೆಯೋದು ನೀರಿನ ಆಳದಿಂದ. ಬೇಸಿಗೆಯ ಬಿಸಿಯನ್ನ ಲೇಕ್ ಹೊಟ್ಟೇಲಿಟ್ಕೊಂಡು, ಇಬ್ಬನಿ ಹೆಪ್ಪುಗಟ್ಟೋ ಕಾಲದಲ್ಲಿ ದಡಕ್ಕೆ ಬಿಡುತ್ತೆ. ವಸಂತದಲ್ಲಿ ತಲೆಕೆಳಗು: ತಣ್ಣಗಿನ ನೀರು ಬಳ್ಳಿಯ ಚಿಗುರನ್ನ ತಡ ಮಾಡಿಸಿ, ಕೊನೇ ಹಿಮದ ಬಾಯಿಂದ ಉಳಿಸುತ್ತೆ. ಹಿಂದೆ ಬೆಳೆದವರೆಲ್ಲ ದೊಡ್ಡ ವೈನ್ ಕಂಪನಿಗಳಿಗೆ ತೂಕ ಹಾಕಿ ಬರ್ತಿದ್ರು. ಅವರು ಕೊಳ್ಳೋದು ಕಮ್ಮಿ ಮಾಡಿದಾಗ ರೈತರು ಕಂಗಾಲಾದ್ರು. 1976ರ ಫಾರ್ಮ್ ವೈನರಿ ಕಾಯ್ದೆ ಬಂದ ಮೇಲೆ ಸಣ್ಣ ಬೆಳೆಗಾರರೂ ತಾವೇ ವೈನ್ ಮಾಡಿ ತೋಟದಲ್ಲೇ ಮಾರೋ ಹಾಗಾಯ್ತು. ಜರ್ಮನಿಯಿಂದ ಬಂದ ಹರ್ಮನ್ ವೀಮರ್ ಇದೇ ಕೌಂಟಿಯ ಡಂಡೀಯಲ್ಲಿ ರೀಸ್ಲಿಂಗ್ ಅನ್ನೋ ಬಿಳಿ ವೈನ್ ದ್ರಾಕ್ಷಿ ಬೆಳೆಸಿ ಹೆಸರು ಮಾಡಿದ್ರು. ಡ್ರೈವರ್ ನಾನೇ ಆದ್ದರಿಂದ ರುಚಿಯ ವರದಿ ಇಲ್ಲ.

ಹಳ್ಳ ಮುಗಿಯೋದು ಡ್ರೆಸ್ಡನ್‌ನಲ್ಲಿ. ದೇವರಿದ್ದಾನೋ ಇಲ್ಲವೋ ತಿಳಿಯೋಕಾಗಲ್ಲ ಅನ್ನೋ ಅಜ್ಞೇಯವಾದಕ್ಕೆ ಹೆಸರಾದ ಭಾಷಣಕಾರ ರಾಬರ್ಟ್ ಇಂಗರ್‌ಸಾಲ್ ಹುಟ್ಟಿದ ಮನೆ ಇಲ್ಲಿದೆ, ಅದೂ 1833ರಲ್ಲಿ, ಪಾದ್ರಿಯ ಮಗನಾಗಿ! ಹಳ್ಳದ ಮೇಲ್ಗಡೆ ಪ್ರವಾದಿಯಾದ ಫ್ರೆಂಡ್, ಕೆಳಗಡೆ ಇವರು. ಅದರಾಚೆ ಗ್ರೀನಿಡ್ಜ್ ವಿದ್ಯುತ್ ಸ್ಥಾವರ. ಕಲ್ಲಿದ್ದಲಿನ ಕಾಲ 2011ಕ್ಕೆ ಮುಗಿದು, 2017ರಲ್ಲಿ ಗ್ಯಾಸ್‌ನಿಂದ ಮತ್ತೆ ಶುರುವಾಯ್ತು, ಆಮೇಲೆ ಆ ಕರೆಂಟಿನಲ್ಲೇ ಕಂಪ್ಯೂಟರ್‌ ಓಡಿಸಿ ಬಿಟ್‌ಕಾಯಿನ್ ಅನ್ನೋ ಡಿಜಿಟಲ್ ನಾಣ್ಯ ತೆಗೆಯೋಕೆ ಹೊರಟಿತು. ತಂಪಾಗಿಸೋಕೆ ಸೆನೆಕಾ ನೀರು ಎಳೆದು, ಬಿಸಿಯಾದದ್ದನ್ನ ಇದೇ ಹಳ್ಳಕ್ಕೆ ಬಿಡುತ್ತೆ. 2022ರಲ್ಲಿ ರಾಜ್ಯದ ಪರಿಸರ ಇಲಾಖೆ ವಾಯು ಪರವಾನಗಿ ನವೀಕರಿಸಲ್ಲ ಅಂತು, ವ್ಯಾಜ್ಯ ಕೋರ್ಟಿಗೇರಿತು. ಕೆಲಸ ಸಿಗುತ್ತೆ, ತೆರಿಗೆ ಬರುತ್ತೆ ಅನ್ನೋರೂ ಇದಾರೆ. ಲೇಕಿಗೆ ಕೆಡುಕು ಅಂತ ವಿರೋಧಿಸೋರೂ ಇದಾರೆ; ನಾನು ಮಾತ್ರ ಅವರಲ್ಲಿ ದ್ರಾಕ್ಷಿಯವರ ಪಕ್ಷ. ಕಂಪ್ಯೂಟರನ್ನ ಎಲ್ಲಿ ಬೇಕಾದ್ರೂ ಇಡಬಹುದು, ಈ ದಡಾನ ಇಡೋಕಾಗಲ್ಲ.

ಹಳ್ಳದ ಬಾಯಲ್ಲಿ ಒಬ್ಬ ಅಜ್ಜ ಗಾಳ ಹಾಕ್ಕೊಂಡು ಕೂತಿದ್ರು. ಏನು ವಿಡಿಯೋ ಅಂತ ಕೇಳಿದ್ರು. "ಈ ನೀರಿನದ್ದು" ಅಂದೆ. "ಹಾಗಾದ್ರೆ ಸ್ವಲ್ಪ ಪಕ್ಕಕ್ಕೆ ನಿಲ್ಲಪ್ಪ, ನಿನ್ನ ನೆರಳು ಬಿದ್ದು ಮೀನು ಓಡ್ತಿದೆ" ಅಂದ್ರು.